ಸುಖೋಥಾಯ್‌ಗೆ ಹೋದರೆ ಮಧ್ಯಾಹ್ನ ಈ ನೂಡಲ್ಸ್ ಅಂಗಡಿಗೆ ಹೋಗಿ

ಥಾಯ್ಲೆಂಡಿನ ಸುಖೋಥಾಯ್ ನೋಡಿ ಬಂದ ನಮ್ಮವರು ಹಾಕುವ ಫೋಟೋಗಳಲ್ಲಿ ಬುದ್ಧನ ವಿಗ್ರಹ ಇರುತ್ತದೆ, ತಾವರೆ ಕೆರೆ ಇರುತ್ತದೆ, ಬಾಡಿಗೆ ಸೈಕಲ್ ಇರುತ್ತದೆ. ಊಟದ ಫೋಟೋ ಮಾತ್ರ ಇರುವುದಿಲ್ಲ. ಏನು ತಿಂದ್ರಿ ಅಂತ ಕೇಳಿದರೆ, ಉಳಿದುಕೊಂಡ ಕಡೆಯೇ ಫ್ರೈಡ್ ರೈಸ್ ತಿಂದು ಸಂಜೆ ಬಸ್ಸಿಗೆ ಹೊರಟೆವು ಅಂತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಆ ಊರಿನ ಹೆಸರನ್ನೇ ಇಟ್ಟುಕೊಂಡ ಒಂದು ನೂಡಲ್ಸ್ ಇದೆ, ಕುಯ್‌ತಿಯಾವ್ ಸುಖೋಥಾಯ್ ಅಂತ. ಬ್ಯಾಂಕಾಕಿನ ಫುಡ್ ಕೋರ್ಟುಗಳಲ್ಲೂ ಸಿಗುತ್ತದೆ, ಆದರೆ ಅದರ ತವರಿನಲ್ಲಿ ತಗಡಿನ ಚಾವಣಿ ಕೆಳಗೆ ಕೂತು ತಿಂದ ಮೇಲೆ ಬೇರೆ ಕಡೆಯದು ರುಚಿಸುವುದು ಕಷ್ಟ. ಹುಳಿ, ಸಿಹಿ, ಖಾರ ಮೂರನ್ನೂ ಒಟ್ಟಿಗೆ ಇಷ್ಟಪಡುವ ನಮ್ಮ ನಾಲಿಗೆಗೆ ಇಷ್ಟು ಸಲೀಸಾಗಿ ಒಗ್ಗುವ ಥಾಯ್ ತಿಂಡಿ ಇನ್ನೊಂದನ್ನು ನಾನು ಕಂಡಿಲ್ಲ.

ಮೊದಲು ಜಾಗ ಹೇಳಿಬಿಡುತ್ತೇನೆ. ಸುಖೋಥಾಯ್ ಅಂದರೆ ಎರಡು ಊರು. ಯೋಮ್ ನದಿ ದಡದಲ್ಲಿರುವ ಹೊಸ ಪಟ್ಟಣ ಒಂದು. ಅಲ್ಲಿಂದ ಪಶ್ಚಿಮಕ್ಕೆ 12 ಕಿಲೋಮೀಟರ್ ಹೋದರೆ ಹಳೇ ರಾಜಧಾನಿಯ ಅವಶೇಷಗಳಿರುವ ಊರು ಇನ್ನೊಂದು. ಬ್ಯಾಂಕಾಕಿನಿಂದ ಬರುವ ಬಸ್ಸು ಹೊಸ ಪಟ್ಟಣದಲ್ಲಿ ಇಳಿಸುತ್ತದೆ. ರೈಲು ಈ ಊರಿಗೆ ಬರುವುದಿಲ್ಲ, ಫಿಟ್ಸನುಲೋಕ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಹೊಸ ಪಟ್ಟಣದಿಂದ ಹಳೇ ಊರಿಗೆ ಸೊಂಗ್‌ಥ್ಯೂ ಓಡಾಡುತ್ತವೆ, ಹಿಂದುಗಡೆ ಎದುರುಬದುರು ಎರಡು ಬೆಂಚು ಹಾಕಿದ ಗಾಡಿ. ಹೊಸ ಪಟ್ಟಣದ ಚರೋತ್ ವಿಥಿಥೋಂಗ್ ರಸ್ತೆಯಲ್ಲಿ ತಾ ಪುಯ್, ಜೆ ಹೇ ಅನ್ನುವ ಹೆಸರುವಾಸಿ ಅಂಗಡಿಗಳಿವೆ. ಗೈಡ್ ಪುಸ್ತಕ ಓದಿ ಬಂದವರು ಅಲ್ಲಿಗೇ ಹೋಗುತ್ತಾರೆ. ನಾನು ಬರೆಯುತ್ತಿರುವುದು ಹಳೇ ಊರಿನ ಒಂದು ಚಿಕ್ಕ ಅಂಗಡಿ ಬಗ್ಗೆ. ರಾಮ್‌ಖಾಮ್‌ಹೇಂಗ್ ಮ್ಯೂಸಿಯಂನಿಂದ ಪೂರ್ವಕ್ಕೆ ನಡೆದರೆ ಕೆರೆಯ ನಡುವೆ ವಾಟ್ ಟ್ರಾಪಾಂಗ್ ಥೋಂಗ್ ಅನ್ನುವ ದೇವಸ್ಥಾನ ಸಿಗುತ್ತದೆ, ಅದಕ್ಕೆ ಹತ್ತಿರದ ಅಡ್ಡರಸ್ತೆ. ಬೋರ್ಡು ಪೂರ್ತಿ ಥಾಯ್ ಲಿಪಿಯಲ್ಲಿದೆ, ಪಕ್ಕದಲ್ಲಿ ಒಂದು ಬಟ್ಟಲಿನ ಚಿತ್ರ. ಗುರುತಿಗೆ ಬೋರ್ಡಿಗಿಂತ ಗಿರಾಕಿಗಳೇ ವಾಸಿ. ಅವಶೇಷಗಳಿರುವ ಪಾರ್ಕಿನಲ್ಲಿ ಹುಲ್ಲು ಕತ್ತರಿಸುವವರು ದೊಡ್ಡ ಟೋಪಿ ತೆಗೆದು ಬೆಂಚಿನ ಮೇಲಿಟ್ಟು ಊಟ ಮಾಡುತ್ತಿರುತ್ತಾರೆ. ಯೂನಿಫಾರ್ಮ್ ಹಾಕಿದ ಮಕ್ಕಳನ್ನು ಅಮ್ಮಂದಿರು ಸ್ಕೂಟರಿನಲ್ಲಿ ಕರೆದುಕೊಂಡು ಬಂದಿರುತ್ತಾರೆ. ಪ್ರವಾಸಿಗರು ಅಂತ ನಾನು ನೋಡಿದ್ದು ನಮ್ಮನ್ನೇ.

ಒಳಗೆ ಅಲಂಕಾರ ಅಂತ ಏನೂ ಇಲ್ಲ. ಸಿಮೆಂಟ್ ನೆಲ, ಸ್ಟೀಲ್ ಮೇಜು, ಪ್ಲಾಸ್ಟಿಕ್ ಸ್ಟೂಲು, ತಿರುಗುವ ಎರಡು ಫ್ಯಾನು. ಎಲ್ಲ ಕೆಲಸ ಮುಂದುಗಡೆ ಗಾಜಿನ ಗಾಡಿಯಲ್ಲೇ ನಡೆಯುತ್ತದೆ. ಅದರ ಹಿಂದೆ ವಯಸ್ಸಾದ ಒಬ್ಬ ಅಮ್ಮ ನಿಂತಿರುತ್ತಾರೆ, ಮಗಳೋ ಸೊಸೆಯೋ ಒಬ್ಬರು ಬಟ್ಟಲು ತಂದುಕೊಡುತ್ತಾರೆ. ನಾನು ಬೇಕಂತಲೇ ಗಾಡಿ ಎದುರಿನ ಮೇಜಿನಲ್ಲಿ ಕೂತೆ, ನೀವೂ ಹಾಗೇ ಮಾಡಿ. ಆ ಅಮ್ಮನ ಕೈ ಕೆಲಸ ನೋಡುವುದೇ ಒಂದು ಖುಷಿ. ಖಾಲಿ ಬಟ್ಟಲಿಗೆ ಮೊದಲು ಬೀಳುವುದು ಮಸಾಲೆ, ನೂಡಲ್ಸ್ ಅಲ್ಲ. ಒಂದು ಚಮಚ ತಾಟಿ ಬೆಲ್ಲ, ಹುರಿದು ಕುಟ್ಟಿದ ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ ಪುಡಿ, ಮೀನಿನ ಸಾಸ್, ನಿಂಬೆರಸ, ಎಣ್ಣೆಯಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ ಅದರ ಎಣ್ಣೆ ಸಮೇತ. ಆಮೇಲೆ ಒಂದು ಹಿಡಿ ಅಕ್ಕಿ ನೂಡಲ್ಸ್ ಮತ್ತು ಹೆಚ್ಚಿದ ಅಲಸಂದೆ ಕಾಯಿಯನ್ನು ಉದ್ದ ಹಿಡಿಯ ಜಾಲರಿ ಬುಟ್ಟಿಗೆ ಹಾಕಿ, ಕುದಿಯುವ ನೀರಿನಲ್ಲಿ ಅದ್ದಿ, ಮೇಲೆತ್ತಿ, ನೀರು ಪೂರ್ತಿ ಹೋಗುವ ಹಾಗೆ ಎರಡು ಸಲ ಜಾಡಿಸಿ ಬಟ್ಟಲಿಗೆ ಸುರಿಯುತ್ತಾರೆ. ಮೇಲೆ ಹಂದಿ ಮಾಂಸದ ತೆಳುವಾದ ತುಂಡುಗಳು, ಸ್ವಲ್ಪ ಕೈಮ, ಉಪ್ಪಿನಲ್ಲಿ ಹಾಕಿಟ್ಟ ಸಣ್ಣ ಸಣ್ಣ ಮೂಲಂಗಿ ಚೂರು, ಈರುಳ್ಳಿ ಸೊಪ್ಪು, ಕೊತ್ತಂಬರಿ. ಕೊನೆಗೆ ಹಂದಿ ಮೂಳೆ ಬೇಯಿಸಿದ ತಿಳಿಯಾದ ಸಾರು ಎರಡು ಸೌಟು. ಇಷ್ಟೆಲ್ಲ ಆಗುವುದು ನೀವು ಗ್ಲಾಸಿಗೆ ನೀರು ಬಗ್ಗಿಸಿಕೊಳ್ಳುವಷ್ಟರಲ್ಲಿ.

ಆ ಅಲಸಂದೆ ಕಾಯಿ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಸುಖೋಥಾಯ್ ನೂಡಲ್ಸನ್ನು ಬೇರೆ ಊರಿನದರಿಂದ ಬೇರೆ ಮಾಡುವುದೇ ಅದು. ಗಾಡಿ ಮೇಲೆ ಒಂದು ಬೇಸಿನ್ ತುಂಬ ಹೆಚ್ಚಿಟ್ಟಿದ್ದರು. ನಮ್ಮಲ್ಲಿ ಪಲ್ಯಕ್ಕೆ ದುಂಡಗೆ ಹೆಚ್ಚುತ್ತೇವಲ್ಲ, ಹಾಗಲ್ಲ. ಓರೆಯಾಗಿ, ಉದ್ದಕ್ಕೆ, ಕಾಗದದಷ್ಟು ತೆಳ್ಳಗೆ, ಒಳಗಿನ ಎಳೇ ಕಾಳು ಸಮೇತ ಸೀಳಿಟ್ಟಿದ್ದರು. ಇಷ್ಟು ತೆಳ್ಳಗಿರುವುದರಿಂದ ಬಿಸಿನೀರಿನಲ್ಲಿ ಒಂದು ಗಳಿಗೆ ಅದ್ದಿದರೆ ಹಸಿ ವಾಸನೆ ಹೋಗುತ್ತದೆ, ಕುರುಕುರು ಮಾತ್ರ ಉಳಿಯುತ್ತದೆ. ಜೊತೆಗೆ ಬಂದಿದ್ದ ನಮ್ಮಕ್ಕ ಸಸ್ಯಾಹಾರಿ, ಅವಳು ಬೇಸಿನ್ ನೋಡಿದ್ದೇ "ಇದು ಅಲಸಂದೆ ಕಾಯಿ ಅಲ್ವೇನೋ, ಇಷ್ಟು ಸಣ್ಣಗೆ ಹೆಚ್ಚೋಕೆ ಎಷ್ಟು ಹೊತ್ತು ಹಿಡೀತೋ ಪಾಪ" ಅಂದಳು. ನಿಜ, ಬೆಳಗಿನಿಂದ ಯಾರೋ ಕೂತು ಹೆಚ್ಚಿರಲೇಬೇಕು. ದೊಡ್ಡ ಹೋಟೆಲುಗಳಲ್ಲಿ ಇದೇ ಹೆಸರಿನ ನೂಡಲ್ಸಿಗೆ ಬೆರಳುದ್ದದ ದಪ್ಪ ತುಂಡು ಹಾಕಿ ಕೊಡುವುದನ್ನೂ ನೋಡಿದ್ದೇನೆ. ಕಾಯಿ ಒಂದು ಕಡೆ, ನೂಡಲ್ಸ್ ಒಂದು ಕಡೆ, ಎರಡೂ ಒಂದೇ ತುತ್ತಿಗೆ ಬರುವುದೇ ಇಲ್ಲ. ಇಲ್ಲಿ ಕಾಯಿಯ ಎಳೆ ನೂಡಲ್ಸಿನ ಎಳೆಯ ಜೊತೆಗೇ ಸುತ್ತಿಕೊಂಡು ಬಾಯಿಗೆ ಬರುತ್ತದೆ.

ರುಚಿ ಹೇಗೆ ಅಂದರೆ, ನಮ್ಮ ಮನೆಯ ಗೊಜ್ಜು ನೆನಪಿಸಿಕೊಳ್ಳಿ. ಬೆಲ್ಲ ಮೊದಲು ಗೊತ್ತಾಗುತ್ತದೆ, ಅದರ ಹಿಂದೆಯೇ ಹುಳಿ, ನುಂಗುವಾಗ ಖಾರ. ಹುಳಿ ಇಲ್ಲಿ ಹುಣಸೆಯದ್ದಲ್ಲ, ನಿಂಬೆಯದ್ದು, ಅದಕ್ಕೇ ಹಗುರ. ಕಡಲೆಕಾಯಿ ಬೀಜ ಸಾರಿನಲ್ಲಿ ಅರ್ಧ ನೆನೆದು ಅರ್ಧ ಗರಿಗರಿಯಾಗಿ ಇರುತ್ತದೆ, ಅದು ಸಾರಿಗೆ ಸ್ವಲ್ಪ ಮಂದ ಕೊಡುತ್ತದೆ. ಮೀನಿನ ಸಾಸ್ ಅಂದ ಕೂಡಲೇ ಮುಖ ಸಿಂಡರಿಸುವವರಿಗೆ ಒಂದು ಮಾತು. ಅದು ಇಲ್ಲಿ ಉಪ್ಪಿನ ಕೆಲಸ ಮಾಡುತ್ತದೆ ಅಷ್ಟೇ, ಮೀನಿನ ವಾಸನೆ ಮುಂದೆ ಬರುವುದಿಲ್ಲ.

ಬಟ್ಟಲು ಬಂದ ತಕ್ಷಣ ತಿನ್ನೋಕೆ ಶುರು ಮಾಡಬೇಡಿ. ಮಸಾಲೆ ಎಲ್ಲ ತಳದಲ್ಲಿರುತ್ತದೆ, ಚಾಪ್‌ಸ್ಟಿಕ್ ಮತ್ತು ಚಮಚ ಎರಡೂ ಹಿಡಿದು ಅಡಿಯಿಂದ ಮೇಲಕ್ಕೆ ಚೆನ್ನಾಗಿ ತಿರುವಿ. ಆಮೇಲೆ ಒಂದು ಚಮಚ ಸಾರು ಕುಡಿದು ನೋಡಿ. ಏನು ಕಮ್ಮಿ ಅನ್ನಿಸಿತೋ ಅದಕ್ಕೆ ಮೇಜಿನ ಮೇಲೆ ನಾಲ್ಕು ಡಬ್ಬಿಗಳ ಒಂದು ಸ್ಟ್ಯಾಂಡ್ ಇರುತ್ತದೆ, ಥಾಯ್ಲೆಂಡಿನ ಎಲ್ಲ ನೂಡಲ್ಸ್ ಅಂಗಡಿಯಲ್ಲೂ ಇದೇ ಪದ್ಧತಿ. ಸಕ್ಕರೆ, ಮೆಣಸಿನ ಪುಡಿ, ಮೀನಿನ ಸಾಸ್, ಮೆಣಸಿನಕಾಯಿ ಹೆಚ್ಚಿ ಹಾಕಿದ ವಿನಿಗರ್. ಅಡುಗೆಯವರು ಮಾಡಿಕೊಟ್ಟದ್ದಕ್ಕೆ ನಾವು ಮತ್ತೆ ಏನಾದರೂ ಹಾಕಿದರೆ ಅವರಿಗೆ ಬೇಜಾರಾಗುತ್ತದೇನೋ ಅಂತ ಸಂಕೋಚ ಬೇಡ. ಪಕ್ಕದ ಮೇಜಿನ ಅಜ್ಜ ಮೆಣಸಿನ ಪುಡಿ ಹಾಕಿದ್ದು ನೋಡಿ ನಾನು ಬಳ್ಳಾರಿ ಕಡೆಯವರು ಅಂತಲೇ ಅಂದುಕೊಳ್ಳುತ್ತಿದ್ದೆ, ಅಷ್ಟು ಹಾಕಿಕೊಂಡರು. ಅಂದ ಹಾಗೆ ಚಾಪ್‌ಸ್ಟಿಕ್ ಬರದಿದ್ದರೆ ಚಿಂತೆ ಇಲ್ಲ. ಥಾಯ್ ಜನ ಚಾಪ್‌ಸ್ಟಿಕ್ ಹಿಡಿಯುವುದು ಇಂಥ ನೂಡಲ್ಸಿಗೆ ಮಾತ್ರ, ಅನ್ನ ತಿನ್ನುವುದು ಚಮಚ ಮತ್ತು ಫೋರ್ಕಿನಲ್ಲಿ. ಫೋರ್ಕ್ ಕೇಳಿದರೆ ನಗುತ್ತಲೇ ತಂದುಕೊಡುತ್ತಾರೆ.

ಸಾರು ಹಾಕಿದ್ದು ನಾಮ್, ಸಾರಿಲ್ಲದೆ ಒಣಗಿದ್ದು ಹೇಂಗ್. ಆರ್ಡರ್ ಮಾಡುವಾಗ ಇದನ್ನೊಂದು ಹೇಳಲೇಬೇಕು. ನಾನು ಎರಡನ್ನೂ ತಿಂದೆ. ನನ್ನನ್ನು ಕೇಳಿದರೆ ಹೇಂಗ್ ಉತ್ತಮ. ಸಾರು ಇಲ್ಲದ್ದರಿಂದ ಬೆಲ್ಲ, ನಿಂಬೆ, ಬೆಳ್ಳುಳ್ಳಿ ಎಣ್ಣೆ ಮೂರೂ ನೂಡಲ್ಸಿಗೇ ಹತ್ತಿಕೊಳ್ಳುತ್ತವೆ, ಕಡಲೆಕಾಯಿ ಬೀಜ ಕೊನೇ ತುತ್ತಿನವರೆಗೂ ಗರಿಗರಿ. ಪಕ್ಕದಲ್ಲಿ ಚಿಕ್ಕ ಕಪ್ಪಿನಲ್ಲಿ ಸಾರು ಬೇರೆ ಕೊಟ್ಟೇ ಕೊಡುತ್ತಾರೆ. ನೂಡಲ್ಸ್ ಯಾವುದು ಅಂತಲೂ ಕೇಳುತ್ತಾರೆ. ಸೆನ್ ಲೆಕ್ ಅನ್ನಿ, ತೆಳ್ಳಗಿನದು, ಅದೇ ಇದಕ್ಕೆ ಸರಿಯಾದ ಜೋಡಿ. ಅಗಲವಾದದ್ದು ತೊಗೊಂಡರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಬಟ್ಟಲು ನಮ್ಮ ಹೊಟ್ಟೆಗೆ ಚಿಕ್ಕದು. ಪಿಸೆಟ್ ಅಂತ ಹೇಳಿದರೆ ಸ್ವಲ್ಪ ದುಡ್ಡು ಜಾಸ್ತಿ ತೊಗೊಂಡು ದೊಡ್ಡದು ಮಾಡಿಕೊಡುತ್ತಾರೆ.

ಕುಡಿಯೋಕೆ ಐಸ್ ಹಾಕಿದ ನೀರು ಇದೆ. ಅದರ ಜೊತೆ ಕ್ರಾಚಿಯಾಪ್ ಅನ್ನುವ ಕೆಂಪು ಶರಬತ್ತು ಸಿಕ್ಕಿದರೆ ಬಿಡಬೇಡಿ. ನಮ್ಮ ಉತ್ತರ ಕರ್ನಾಟಕದಲ್ಲಿ ಪುಂಡಿ ಪಲ್ಯ ಮಾಡುತ್ತಾರಲ್ಲ, ಅದೇ ಪುಂಡಿ ಗಿಡದ ಕೆಂಪು ಕಾಯಿಪೊರೆ ಕುದಿಸಿ ಸಕ್ಕರೆ ಹಾಕಿ ಮಾಡುವುದು. ನಾವು ಎಲೆ ತಿನ್ನುತ್ತೇವೆ, ಅವರು ಹೂವಿನ ಭಾಗ ಕುಡಿಯುತ್ತಾರೆ. ಖಾರ ತಿಂದ ಬಾಯಿಗೆ ಅದರ ಹುಳಿ ಬಹಳ ಹಿತ.

ಇದು ರಾಜರ ಕಾಲದ ತಿಂಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕುಯ್‌ತಿಯಾವ್ ಅನ್ನುವುದೇ ಚೀನಾದಿಂದ ವಲಸೆ ಬಂದವರ ಜೊತೆ ಬಂದ ಅಡುಗೆ. ಮೆಣಸಿನಕಾಯಿ, ಕಡಲೆಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು, ಸುಖೋಥಾಯ್ ರಾಜಧಾನಿಯಾಗಿ ಮೆರೆದ 13, 14ನೇ ಶತಮಾನದಲ್ಲಿ ಏಷ್ಯಾದಲ್ಲಿ ಯಾರೂ ಅವನ್ನು ಕಂಡಿರಲಿಲ್ಲ. ಆದರೆ ಆ ಕಾಲದ ಜನ ಏನು ಬೆಳೆಯುತ್ತಿದ್ದರು ಅನ್ನುವುದಕ್ಕೆ ಒಂದು ಕಲ್ಲು ಬರಹ ಇದೆ. ರಾಜ ರಾಮ್‌ಖಾಮ್‌ಹೇಂಗ್‌ನ 1292ರ ಶಾಸನ. ಮೂಲ ಬ್ಯಾಂಕಾಕಿನ ನ್ಯಾಷನಲ್ ಮ್ಯೂಸಿಯಂನಲ್ಲಿದೆ, ಪ್ರತಿ ಇಲ್ಲೇ ಹಳೇ ಊರಿನ ಮ್ಯೂಸಿಯಂನಲ್ಲಿದೆ. ನೀರಲ್ಲಿ ಮೀನಿದೆ, ಗದ್ದೆಯಲ್ಲಿ ಅಕ್ಕಿ ಇದೆ ಅನ್ನುವ ಮಾತು ಅದರಲ್ಲೇ ಬರುವುದು, ಥಾಯ್ ಮಕ್ಕಳಿಗೆಲ್ಲ ಬಾಯಿಪಾಠ. ಅದೇ ಶಾಸನದಲ್ಲಿ ಅಡಿಕೆ ತೋಟ, ವೀಳ್ಯದೆಲೆ ತೋಟ, ತೆಂಗು, ಹಲಸು, ಮಾವು, ಹುಣಸೆ ಎಲ್ಲ ಈ ಊರಲ್ಲಿ ಸಮೃದ್ಧಿ, ನೆಟ್ಟವರಿಗೇ ಅದು ಸೇರುತ್ತದೆ ಅಂತಲೂ ಬರೆದಿದೆ. ಅಡಿಕೆ, ವೀಳ್ಯದೆಲೆಯಿಂದ ಶುರುವಾಗುವ ಆ ಪಟ್ಟಿ ಓದುವಾಗ ತೀರ್ಥಹಳ್ಳಿ ಕಡೆಯ ನಮ್ಮಂಥವರಿಗೆ ಮೈ ಜುಮ್ ಅನ್ನುತ್ತದೆ. ಅಕ್ಕ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಊಟಕ್ಕೆ ಮೊದಲು ಮ್ಯೂಸಿಯಂ ನೋಡಿಕೊಂಡು ಬಂದರೆ, ಬಟ್ಟಲಿನಲ್ಲಿ ಯಾವುದು ಈ ನೆಲದ್ದು, ಯಾವುದು ಹಡಗಿನಲ್ಲಿ ಬಂದದ್ದು ಅಂತ ನೀವೇ ವಿಂಗಡಿಸಬಹುದು. ಮಣ್ಣು ಈ ಊರಿನದ್ದು, ರುಚಿ ಈಗಿನ ಊರಿನವರದ್ದು. ನನಗೆ ಅದೇ ಇಷ್ಟವಾಗಿದ್ದು. ಪ್ರವಾಸಿಗರಿಗೆ ಅಂತ ಸಿಂಗರಿಸಿದ ಹಳೇ ಕಾಲದ ಊಟ ಅಲ್ಲ ಇದು, ಹುಲ್ಲು ಕತ್ತರಿಸುವವರು ದಿನಾ ದುಡ್ಡು ಕೊಟ್ಟು ತಿನ್ನುವ ಊಟ.

ಸಸ್ಯಾಹಾರಿಗಳ ವಿಷಯಕ್ಕೆ ಬರೋಣ. ನೇರವಾಗಿ ಹೇಳುತ್ತೇನೆ, ಈ ಅಂಗಡಿಯಲ್ಲಿ ನಿಮಗೆ ಏನೂ ಇಲ್ಲ. ಮಾಂಸ ಹಾಕಬೇಡಿ ಅಂದರೆ ಹಾಕುವುದಿಲ್ಲ, ಆದರೆ ಸಾರು ಮೂಳೆಯದ್ದೇ, ಸಾಸ್ ಮೀನಿನದ್ದೇ, ಜಾಲರಿ ಬುಟ್ಟಿ ಎಲ್ಲದಕ್ಕೂ ಒಂದೇ. ಸುಮ್ನೆ ಮಾಂಸದ ತುಂಡು ಎತ್ತಿಟ್ಟು ತಿನ್ನುವ ಪೈಕಿ ನೀವಲ್ಲದಿದ್ದರೆ ಇಲ್ಲಿ ಆರ್ಡರ್ ಮಾಡಬೇಡಿ. ಥಾಯ್ಲೆಂಡಿನಲ್ಲಿ ಸಸ್ಯಾಹಾರಿಗಳು ಹುಡುಕಬೇಕಾದ್ದು ಕೆಂಪು ಅಕ್ಷರದ ಹಳದಿ ಬಾವುಟ. ಅದನ್ನು ಹಾಕಿದ ಕಡೆ ಸಿಗುವುದು ಜೇ ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಈರುಳ್ಳಿ ತಿನ್ನದ ನಮ್ಮ ಮನೆ ಹಿರಿಯರನ್ನು ಕೂಡ ಧೈರ್ಯವಾಗಿ ಕರೆದುಕೊಂಡು ಹೋಗಬಹುದು. ಆ ಅಮ್ಮನಿಗೆ ನಮ್ಮಕ್ಕನ ಕಷ್ಟ ಹೇಗೆ ಅರ್ಥವಾಯಿತೋ, ಕೈ ಹಿಡಿದು ರಸ್ತೆವರೆಗೂ ಕರೆದುಕೊಂಡು ಹೋಗಿ ಮಾರ್ಕೆಟ್ ಕಡೆ ಹಳದಿ ಬಾವುಟ ತೋರಿಸಿದರು. ತಮ್ಮ ಅಂಗಡಿಯ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸಿದ್ದು ಅದು. ಅಕ್ಕ ಅಲ್ಲಿಂದ ಅನ್ನ, ಅಣಬೆ ತೋಫು ಪಲ್ಯ ಕಟ್ಟಿಸಿಕೊಂಡು ಬಂದು ನಮ್ಮ ಮೇಜಿನಲ್ಲೇ ಕೂತು ತಿಂದಳು, ಯಾರೂ ಏನೂ ಅನ್ನಲಿಲ್ಲ, ಅವಳಿಗೂ ಒಂದು ಗ್ಲಾಸ್ ನೀರು ಬಂತು. ಈ ಒಂದು ಕಾರಣಕ್ಕೇ ನಾನು ಈ ಅಂಗಡಿ ಬಗ್ಗೆ ಇಷ್ಟುದ್ದ ಬರೆಯುತ್ತಿರುವುದು. ಹಂದಿ ಮಾಂಸ ತಿನ್ನದವರು ಕೂಡ ಇಲ್ಲಿಗೆ ಬರುವುದರಲ್ಲಿ ಅರ್ಥವಿಲ್ಲ, ಹಲಾಲ್ ಗುರುತು ಇರುವ ಅಂಗಡಿ ನೋಡಿಕೊಳ್ಳಿ.

ಕೊರತೆಗಳೂ ಇವೆ. ಅವರು ಹಾಕುವ ಸಿಹಿ ನನಗೆ ಜಾಸ್ತಿ. ಊರಿನವರ ರುಚಿಯೇ ಹಾಗೆ, ಅದಕ್ಕೆ ಅಂಗಡಿಯನ್ನು ದೂರಿ ಪ್ರಯೋಜನವಿಲ್ಲ, ಆದರೆ ಮೊದಲೇ ವಾನ್ ನೋಯ್ ಅಂದುಬಿಟ್ಟರೆ ಬೆಲ್ಲ ಕಡಿಮೆ ಹಾಕುತ್ತಾರೆ. ತಗಡಿನ ಚಾವಣಿ ಆದ್ದರಿಂದ ಹನ್ನೆರಡು ದಾಟಿದರೆ ಸೆಕೆ ತಡೆಯೋಕಾಗುವುದಿಲ್ಲ, ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೋಗುವವರು ಇದನ್ನು ಗಮನದಲ್ಲಿಡಿ. ಇಂಗ್ಲಿಷ್ ಮೆನು ಇಲ್ಲ, ಫೋನಿನ ಅನುವಾದ ಅಥವಾ ಕೈಸನ್ನೆಯೇ ಗತಿ. ಕೈ ತೊಳೆಯುವ ಜಾಗ ಹಿಂದುಗಡೆ, ಅಲ್ಲಿ ಸೋಪು ಇರಲಿಲ್ಲ, ಊಟ ಇಷ್ಟು ಶ್ರದ್ಧೆಯಿಂದ ಮಾಡುವವರು ಅಷ್ಟನ್ನು ಇಡಬಹುದಿತ್ತು. ಹುರಿದ ಹಂದಿ ಚರ್ಮದ ಪ್ಯಾಕೆಟ್ಟುಗಳು ಮೇಜಿನ ಮೇಲೇ ಇರುತ್ತವೆ, ಬಿಚ್ಚಿದರೆ ಬಿಲ್ಲಿಗೆ ಸೇರುತ್ತದೆ. ಅದು ಎಲ್ಲ ಕಡೆಯ ಪದ್ಧತಿಯೇ, ಮೋಸ ಅಲ್ಲ.

ಬೆಲೆ ಒಂದು ಬಟ್ಟಲಿಗೆ ಐವತ್ತು ಬಾತ್ ಆಸುಪಾಸು. ನಮ್ಮ ಲೆಕ್ಕದಲ್ಲಿ ಸುಮಾರು ನೂರೈವತ್ತು ರೂಪಾಯಿ. ಪಾರ್ಕಿನ ಗೇಟಿನ ಹತ್ತಿರ ಏಸಿ ಹಾಕಿ ಕಾಫಿ ಮಾರುವ ಕಡೆ ಒಂದು ಲೋಟ ಕಾಫಿಗೇ ಇದಕ್ಕಿಂತ ಜಾಸ್ತಿ ಆಗುತ್ತದೆ. ಚಿಲ್ಲರೆ ನೋಟು ಇಟ್ಟುಕೊಂಡು ಹೋಗಿ. ಊರಿನವರು ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ಕೊಡುತ್ತಾರೆ, ನಮ್ಮ ಕಾರ್ಡು ಇಲ್ಲಿ ನಡೆಯುವುದಿಲ್ಲ. ಸಾವಿರ ಬಾತ್ ನೋಟು ಕೊಟ್ಟರೆ ಚಿಲ್ಲರೆಗೆ ಪಾಪ ಅವರು ಪಕ್ಕದ ಅಂಗಡಿಗೆ ಓಡಬೇಕಾಗುತ್ತದೆ.

ದಿನ ಹೇಗೆ ಹೊಂದಿಸಿಕೊಳ್ಳಬೇಕು ಅಂದರೆ, ಬೆಳಗ್ಗೆ ಬೇಗ ಸೈಕಲ್ ಬಾಡಿಗೆಗೆ ತೊಗೊಂಡು ಹಳೇ ಊರಿನ ಕೋಟೆ ಹೊರಗೆ ಉತ್ತರಕ್ಕಿರುವ ವಾಟ್ ಸಿ ಚುಮ್‌ಗೆ ಮೊದಲು ಹೋಗಿ. ಕಿರಿದಾದ ಸೀಳಿನಂಥ ಬಾಗಿಲ ಹಿಂದೆ ಸುಮಾರು 15 ಮೀಟರ್ ಎತ್ತರದ ಕೂತ ಬುದ್ಧ, ಜನ ಸೇರುವ ಮೊದಲು ನೋಡಿದರೆ ಚೆನ್ನ. ಅಲ್ಲಿಂದ ಕೋಟೆ ಒಳಗಿನ ವಾಟ್ ಮಹಾಥಾಟ್, ಆಮೇಲೆ ವಾಟ್ ಸಿ ಸವಾಯ್. ಸಿ ಸವಾಯ್‌ನ ಮೂರು ಗೋಪುರಗಳು ಕಾಂಬೋಡಿಯ ಕಡೆಯ ಖ್ಮೇರ್ ಶೈಲಿಯವು, ಮೊದಲು ಹಿಂದೂ ದೇವಸ್ಥಾನವಾಗಿದ್ದು ಆಮೇಲೆ ಬೌದ್ಧರದ್ದಾಯಿತು. ಇಷ್ಟು ಸುತ್ತಿ ಮ್ಯೂಸಿಯಂ ನೋಡಿ ಮುಗಿಸುವಷ್ಟರಲ್ಲಿ ಹನ್ನೊಂದು ಗಂಟೆ ಆಗಿರುತ್ತದೆ, ಹಸಿವೂ ಆಗಿರುತ್ತದೆ. ಆಗ ನೇರ ನೂಡಲ್ಸಿಗೆ ಬನ್ನಿ. ಸಂಜೆಗೆ ಅಂತ ಇಟ್ಟುಕೊಳ್ಳಬೇಡಿ. ಇಂಥ ಅಂಗಡಿಗಳು ಬೆಳಗಿನ, ಮಧ್ಯಾಹ್ನದ ವ್ಯಾಪಾರಕ್ಕೆ ಇರುವಂಥವು, ಪಾತ್ರೆಯಲ್ಲಿ ಸಾರು ಮುಗಿದರೆ ಸ್ಟೂಲು ಮಗುಚಿ ಮೇಜಿನ ಮೇಲಿಡುತ್ತಾರೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಉತ್ತರಕ್ಕೆ ಸಿ ಸಚ್ಚನಾಲೈ ಕಡೆ ಹೋಗಿ. ಅದು ಸುಖೋಥಾಯ್‌ನ ಜೋಡಿ ಪಟ್ಟಣ, 1991ರಲ್ಲಿ ಎರಡೂ ಒಟ್ಟಿಗೇ ಯುನೆಸ್ಕೋ ಪಟ್ಟಿ ಸೇರಿದವು. ಆ ಕಡೆಯ ಬಾನ್ ನಾ ತೋನ್ ಚಾನ್ ಅನ್ನುವ ಹಳ್ಳಿಯಲ್ಲಿ ಖಾವ್ ಪೋಪ್ ಅಂತ ಮಾಡುತ್ತಾರೆ. ಕುದಿಯುವ ನೀರಿನ ಮಡಕೆ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಕ್ಕಿ ಹಿಟ್ಟು ತೆಳ್ಳಗೆ ಹರಡಿ, ಹಬೆಯಲ್ಲಿ ಬೆಂದ ಮೇಲೆ ಒಳಗೆ ಸೊಪ್ಪು ತರಕಾರಿ ಇಟ್ಟು ಮಡಚಿ ಬಟ್ಟಲಿಗೆ ಹಾಕಿ, ಮೇಲೆ ಸಾರು ಸುರಿದು ಕೊಡುತ್ತಾರೆ. ಎಣ್ಣೆ ಇಲ್ಲದ, ಅಕ್ಕಿಯ ಪರಿಮಳ ಪೂರ್ತಿ ಉಳಿದ ಊಟ. ಸಾರಿಗೆ ಮಾಂಸ ಹಾಕಿರುತ್ತಾರೆ, ಸಸ್ಯಾಹಾರಿಗಳು ಸಾರಿಲ್ಲದೆ ಮಾಡಿಕೊಡಿ ಅಂತ ಮೊದಲೇ ಕೇಳಿಕೊಳ್ಳಬೇಕು. ಆ ಹಳ್ಳಿಗೆ ಬಸ್ಸು ನೆಚ್ಚಿಕೊಂಡು ಹೋಗಬೇಡಿ, ಹೊಸ ಪಟ್ಟಣದಿಂದಲೇ ಕಾರು ಮಾತಾಡಿಕೊಂಡು ಬೆಳಗ್ಗೆ ಬೇಗ ಹೊರಡಿ.